ಇರುವವರೆಗೆ ಇರಲಿ

ನನ್ನ ತಮ್ಮನನ್ನು ಅವನ ಹೆಸರು ಹಿಡಿದು ಕರೆಯುವವಳು ಈಗ ನಾನೊಬ್ಬಳೇ. ಧರ್ಮಾಸ್ಪತ್ರೆಯಲ್ಲಿ ಆಯಾಗಳಿಂದ ಹಿಡಿದು ದೊಡ್ಡ ಡಾಕ್ಟರವರೆಗೆ ಎಲ್ಲರಿಗೂ ಅವನು ಖಾಲಿಯಪ್ಪ. "ಖಾಲಿಯಪ್ಪ ಬಂದ್ರಾ? ಖಾಲಿಯಪ್ಪನದು ಊಟ ಆಯ್ತಾ?" ಅಂತಲೇ ಅಲ್ಲಿ ಮಾತು. ಅವನೇನೂ ಬೇಜಾರು ಮಾಡಿಕೊಂಡವನಲ್ಲ. ಮನೆ ಖಾಲಿ ಮಾಡಿಸುವುದು ಅವನ ಕೆಲಸ. ಕೆಲಸದ ಹೆಸರು ಮೈಗೆ ಅಂಟಿತು, ಅಷ್ಟೆ.

ಇದನ್ನು ಸ್ವಲ್ಪ ಬಿಡಿಸಿ ಹೇಳಬೇಕು. ಧರ್ಮಾಸ್ಪತ್ರೆಯಲ್ಲಿ ಇಲ್ಲದವರ ಹತ್ತಿರ ಕಾಸು ಕೇಳುವುದಿಲ್ಲ. ಹಾಗಾದರೆ ಅದು ನಡೆಯುವುದು ಹೇಗೆ? ಮಕ್ಕಳಿಲ್ಲದವರು, ಮಕ್ಕಳ ಮೇಲೆ ಮುನಿಸಿಕೊಂಡವರು, ಅಲ್ಲಿ ಮಲಗಿ ವಾಸಿಯಾಗಿ ಎದ್ದು ಹೋದವರು, ಎಲ್ಲ ತಮ್ಮ ಮನೆಯನ್ನೋ ಅಂಗಡಿಯನ್ನೋ ಸೈಟನ್ನೋ ಆಸ್ಪತ್ರೆಗೆ ಬರೆದಿಟ್ಟು ಕಣ್ಣು ಮುಚ್ಚುತ್ತಾರೆ. ಕೆಲವರಂತೂ ಬೆಲೆ ಏರಲಿ ಅಂತಲೇ ಒಂದು ಹೆಚ್ಚಿನ ಮನೆ ಕೊಂಡು, ಬಾಡಿಗೆಗೆ ಬಿಟ್ಟು, ಕೈಕಾಲು ಗಟ್ಟಿ ಇರುವಷ್ಟು ದಿನ ಅದರ ಬೆಲೆ ಏರುವುದನ್ನು ನೋಡಿ ಖುಷಿಪಟ್ಟು, ಕೊನೆಗೆ ಪುಣ್ಯಕ್ಕೆ ಬಿಡುತ್ತಾರೆ. ನಾನಿದನ್ನು ತಪ್ಪು ಅನ್ನುವುದಿಲ್ಲ. ಲಾಭವೂ ಪುಣ್ಯವೂ ಒಂದೇ ಬಾಗಿಲಲ್ಲಿ ಬಂದರೆ ಯಾರು ತಾನೇ ಅಗುಳಿ ಹಾಕಿಕೊಳ್ಳುತ್ತಾರೆ?

"ದಾನ ಕೊಡೋರು ಗೋಡೆ ಕೊಡ್ತಾರೆ ಅಕ್ಕ. ಆಸ್ಪತ್ರೆಗೆ ಬೇಕಾಗಿರೋದು ಹಾಸಿಗೆ. ಗೋಡೇನ ಹಾಸಿಗೆ ಮಾಡೋದು ನನ್ನ ಕೆಲಸ" ಅಂತ ತಮ್ಮ ಹೇಳುತ್ತಿದ್ದ.

ಗೋಡೆ ಹಾಸಿಗೆಯಾಗಬೇಕಾದರೆ ಮನೆ ಮಾರಬೇಕು. ಮಾರಬೇಕಾದರೆ ಅದು ಖಾಲಿ ಇರಬೇಕು. ಆದರೆ ದಾನಕ್ಕೆ ಬಂದ ಮನೆ ಎಂದೂ ಖಾಲಿ ಬರುವುದಿಲ್ಲ. ಅದರ ಹಿಂದುಗಡೆಯೋ ಮಾಳಿಗೆಯಲ್ಲೋ ಮೆಟ್ಟಿಲ ಕೆಳಗೋ ಯಾರಾದರೊಬ್ಬರು ಇದ್ದೇ ಇರುತ್ತಾರೆ.

ಅವರನ್ನು ಎಬ್ಬಿಸುವ ರೀತಿ ನನ್ನ ತಮ್ಮನದು ಬೇರೆಯೇ. ಬಾಗಿಲು ಬಡಿಯುವುದಿಲ್ಲ, ಬೆಲ್ಲು ಒತ್ತುವುದಿಲ್ಲ. ಹೊಸ್ತಿಲ ಆಚೆ ಚಪ್ಪಲಿ ಬಿಟ್ಟು "ಇದ್ದೀರಾ?" ಅಂತ ಕೂಗುತ್ತಾನೆ. ಒಳಗಿನವರು "ಇದೀವಿ, ಬನ್ನಿ" ಅನ್ನುವವರೆಗೆ ಕಾಲು ಒಳಗಿಡುವುದಿಲ್ಲ. ಮೊದಲ ಸಲ ಹೋದಾಗ ಒಂದು ಲೋಟ ನೀರು ಕುಡಿದು, ಅವರ ಮಂಡಿನೋವು ವಿಚಾರಿಸಿ ಬರುತ್ತಾನೆ. ಎರಡನೇ ಸಲ ಹೋಗುವಾಗ, ಆಸ್ಪತ್ರೆಗೆ ಸಲೈನ್ ಬಾಟಲಿ ತುಂಬಿ ಬಂದ ರಟ್ಟಿನ ಪೆಟ್ಟಿಗೆಗಳನ್ನು ಆರೇಳು ಹೊತ್ತುಕೊಂಡು ಹೋಗಿ ಮೂಲೆಗಿಟ್ಟು, "ಇಲ್ಲೇ ಬಿದ್ದಿರಲಿ, ಯಾವುದಕ್ಕಾದರೂ ಆಗುತ್ತೆ" ಅನ್ನುತ್ತಾನೆ. ಗದರುವುದಿಲ್ಲ, ನೋಟೀಸು ಅಂಟಿಸುವುದಿಲ್ಲ. ಒಂದು ವಾರ ಆ ಪೆಟ್ಟಿಗೆಗಳು ಬಾಯಿ ತೆರೆದುಕೊಂಡು ಕೂತಿರುತ್ತವೆ. ಆಮೇಲೆ ಒಂದು ದಿನ ಆ ಮನೆಯ ಹೆಂಗಸು ಬಳಸದ ಪಾತ್ರೆಯೊಂದನ್ನು ಸುಮ್ಮನೆ ಅದರೊಳಗೆ ಇಡುತ್ತಾಳೆ. ಒಂದು ಪಾತ್ರೆ ಒಳಗೆ ಹೋಯಿತು ಅಂದರೆ ಅವನ ಕೆಲಸ ಮುಗಿದ ಹಾಗೆಯೇ.

"ನಾನು ಯಾರನ್ನೂ ಹೊರಗೆ ಹಾಕಿಲ್ಲಪ್ಪ" ಅನ್ನುತ್ತಿದ್ದ.

"ನೀನಲ್ಲ, ನಿನ್ನ ಪೆಟ್ಟಿಗೆ ಹಾಕ್ತು" ಅನ್ನುತ್ತಿದ್ದೆ ನಾನು. ನಗುತ್ತಿದ್ದ. ಮೊದಮೊದಲು ಚೆನ್ನಾಗಿಯೇ ನಗುತ್ತಿದ್ದ. ಇಪ್ಪತ್ತೆರಡು ವರ್ಷ ಆಗುವ ಹೊತ್ತಿಗೆ ಆ ನಗೆ ಸವೆದು ಮೂಗಿನಲ್ಲಿ ಒಂದಿಷ್ಟು ಉಸಿರು ಬಿಡುವಷ್ಟಕ್ಕೆ ಬಂದಿತ್ತು. ಮನೆಗೆ ಬಂದರೆ ಮೆಟ್ಟಿಲ ಮೇಲೆಯೇ ಕೂತುಬಿಡುತ್ತಿದ್ದ. ಒಳಗೆ ಬಾ ಅಂದರೆ "ಬಂದೆ" ಅನ್ನುತ್ತಿದ್ದ, ಏಳುತ್ತಿರಲಿಲ್ಲ.

ನಾವಿಬ್ಬರೂ ಇರುವುದು ಬಾಡಿಗೆ ಮನೆಯ ಮಾಳಿಗೆಯಲ್ಲಿ. ನನ್ನ ಗಂಡ ಹೋದಮೇಲೆ ನಾನು, ಹೆಂಡತಿ ಹೋದಮೇಲೆ ಅವನು, ಎರಡು ಸಂಸಾರದ ಉಳಿಕೆ ಒಂದು ಕಡೆ ಸೇರಿತು. ಎರಡು ಕೋಣೆ, ಒಂದು ಅಡುಗೆಮನೆ, ಇಪ್ಪತ್ತೆರಡು ಮೆಟ್ಟಿಲು. ಮುಂದಿನ ಕೋಣೆಗೆ ಬೀದಿಯ ಕಡೆ ದೊಡ್ಡ ಕಿಟಕಿ ಇದೆ, ಬೆಳಿಗ್ಗೆಯಿಂದ ಮಧ್ಯಾಹ್ನದವರೆಗೂ ಬೆಳಕು. ಕೆಳಗೆ ಮನೆಯ ಒಡತಿ. ಅವಳನ್ನು ನಾವು ಕೆಳಗಿನಮ್ಮ ಅನ್ನುತ್ತಿದ್ದೆವು. ಮಂಡಿಯಲ್ಲಿ ಮೂವತ್ತು ವರ್ಷ ಈರುಳ್ಳಿ ಸಗಟು ವ್ಯಾಪಾರ ಮಾಡಿದ ಗಟ್ಟಿ ಹೆಂಗಸು. ವ್ಯಾಪಾರದಲ್ಲಿ ಉಳಿದದ್ದರಲ್ಲಿ ಈ ಮನೆ ಕೊಂಡವಳು. "ಮನೆ ಅಂದ್ರೆ ಕೊಳೆಯದ ಈರುಳ್ಳಿ ಕಣಮ್ಮ. ಇಟ್ಟಷ್ಟೂ ಬೆಲೆ" ಅನ್ನುತ್ತಿದ್ದಳು. ನಾನು ಎರಡು ಬಿಂದಿಗೆ ನೀರು ಹೆಚ್ಚು ಹಿಡಿದರೆ ಕೆಳಗಿನಿಂದಲೇ ಬೈಗುಳ ಬರುತ್ತಿತ್ತು, ಜ್ವರ ಬಂದು ಮಲಗಿದರೆ ಗಂಜಿಯೂ ಕೆಳಗಿನಿಂದಲೇ ಬರುತ್ತಿತ್ತು.

ಅವಳಿಗೂ ಹಿಂದೆಮುಂದೆ ಯಾರೂ ಇರಲಿಲ್ಲ. ಎರಡು ವರ್ಷದ ಹಿಂದೆ ತಮ್ಮನನ್ನು ಕರೆದು, "ಲೋ, ನಾನು ಹೋದಮೇಲೆ ಈ ಮನೆ ನಿಮ್ಮ ಆಸ್ಪತ್ರೆಗೆ. ನಿಮ್ಮಿಬ್ಬರಿಗೂ ಒಂದು ಮಾತು ಹಾಕಿಸಿದೀನಿ. ಸರಿಯಾಗಿದೆಯಾ ಓದಿ ಹೇಳು" ಅಂತ ಉಯಿಲಿನ ಕಾಗದ ಚಾಚಿದಳು.

ಇವನು ಬೆಂಕಿ ಕಂಡವನ ಹಾಗೆ ಎರಡು ಹೆಜ್ಜೆ ಹಿಂದೆ ಸರಿದ. "ನನ್ನ ವಿಷಯ ಇರೋ ಕಾಗದ ನಾನು ಓದಬಾರದಮ್ಮ. ನಾಳೆ ನಾನೇ ಬರೆಸಿಕೊಂಡೆ ಅಂತಾರೆ."

"ಅಯ್ಯೋ ಹುಚ್ಚಪ್ಪ! ಊರಿಗೆಲ್ಲಾ ಓದ್ತೀಯ, ನಂಗೊಂದು ಓದಲ್ವಾ?"

ಓದಲಿಲ್ಲ. ಆವತ್ತು ಓದಿದ್ದರೆ ನಾನು ಇದನ್ನೆಲ್ಲ ಬರೆಯುವ ಹಾಗೇ ಇರಲಿಲ್ಲ.

ಹೋದ ವರ್ಷ ಬಚ್ಚಲಲ್ಲಿ ಜಾರಿ ಬಿದ್ದು ನನ್ನ ಸೊಂಟ ಮುರಿಯಿತು. ಧರ್ಮಾಸ್ಪತ್ರೆಯ ಹೆಂಗಸರ ಮೂಳೆ ವಾರ್ಡಿನಲ್ಲಿ ಆಪರೇಷನ್ ಮಾಡಿ ನಲವತ್ತೆರಡು ದಿನ ಇಟ್ಟುಕೊಂಡರು. ಕಿಟಕಿ ಪಕ್ಕದ ಹಾಸಿಗೆ, ಒಗೆದ ದುಪ್ಪಟಿ, ಬಾಯಿ ತುಂಬ ಮಾತಾಡುವ ನರ್ಸುಗಳು. ತಮ್ಮ ಹಗಲು ಕೆಲಸ ಮುಗಿಸಿ ವಾರ್ಡಿನ ಹೊರಗಿನ ಬೆಂಚಿನ ಮೇಲೆ ಮಲಗುತ್ತಿದ್ದ. ಮನೆಗೆ ಬೀಗ. ನಾನು ಮಲಗಿದ್ದ ಇಪ್ಪತ್ತೇಳನೇ ದಿನ ಕೆಳಗಿನಮ್ಮ ತನ್ನ ಮನೆಯಲ್ಲಿ, ಕೂತ ಕುರ್ಚಿಯಲ್ಲೇ ಹೋಗಿಬಿಟ್ಟಳು. ಅವಳ ಮುಖವನ್ನೂ ನೋಡುವುದಕ್ಕಾಗಲಿಲ್ಲ ನನಗೆ.

ಉಯಿಲು ಒಡೆದು ಓದಿದರು. ನಮ್ಮ ಬಗ್ಗೆ ಇದ್ದದ್ದು ಒಂದೇ ಸಾಲು: ಮೇಲಿನ ಮನೆಯವರು ಇರುವವರೆಗೆ ಇರಲಿ.

ನಾನು ಊರುಗೋಲು ಹಿಡಿದು ಮನೆಗೆ ಬಂದು ಹದಿನೈದು ದಿನ ಆಗಿರಬೇಕು. ಒಂದು ಸಂಜೆ ತಮ್ಮ ಮೆಟ್ಟಿಲು ಹತ್ತಿ ಬರುವ ಸದ್ದು ಬೇರೆ ಥರ ಕೇಳಿತು. ಎಂಥದೋ ಗೋಡೆಗೆ ಉಜ್ಜಿಕೊಂಡು ಬರುತ್ತಿತ್ತು. ಬಂದವನೇ ಮುಂದಿನ ಕೋಣೆಯ ಮೂಲೆಯಲ್ಲಿ ಇಳಿಸಿದ. ಸಲೈನ್ ಪೆಟ್ಟಿಗೆ. ಏಳು.

ನಾನು ಎಣಿಸಿದೆ. ಅವನು "ಇಲ್ಲೇ ಬಿದ್ದಿರಲಿ" ಅನ್ನಲಿಲ್ಲ.

"ಯಾರ ಮನೆಗೆ?" ಅಂತ ಕೊನೆಗೆ ಕೇಳಿದೆ.

"ಗೊತ್ತಿದ್ದೂ ಕೇಳಬೇಡ ಅಕ್ಕ."

"ಇರಲಿ ಅಂತ ಬರೆದಿದಾಳಲ್ಲೋ."

"ಇರುವವರೆಗೆ ಅಂತ ಬರೆದಿದಾಳೆ. ಅವಳು ಸತ್ತ ದಿನ ನಾವಿಲ್ಲಿ ಇರಲಿಲ್ಲ. ಬೀಗ ಹಾಕಿತ್ತು."

"ನಾನೇನು ಊರು ನೋಡೋಕೆ ಹೋಗಿದ್ನಾ? ನಿನ್ನ ಆಸ್ಪತ್ರೆಯಲ್ಲೇ ಕಾಲು ನೇತು ಹಾಕ್ಕೊಂಡು ಮಲಗಿದ್ದೆ!"

"ದರ್ಜಿನೂ ಊರು ನೋಡೋಕೆ ಹೋಗಿರಲಿಲ್ಲ" ಅಂದ.

ಆ ದರ್ಜಿಯ ಕಥೆ ನನಗೆ ಗೊತ್ತಿತ್ತು. ತಮ್ಮ ಹೇಳಿದ್ದಕ್ಕಿಂತ ಹೇಳದೆ ಬಿಟ್ಟದ್ದರಿಂದ ಹೆಚ್ಚು ಗೊತ್ತಿತ್ತು. ಏಳು ವರ್ಷದ ಹಿಂದಿನ ಮಾತು. ಪೇಟೆಯ ಹಿಂಬೀದಿಯಲ್ಲಿ ಒಂದು ಮನೆ ದಾನಕ್ಕೆ ಬಂತು. ಅದರ ಹಿಂದಿನ ಕೋಣೆಯಲ್ಲಿ ಮೂವತ್ತು ವರ್ಷದಿಂದ ಒಬ್ಬ ದರ್ಜಿ ಇದ್ದ. ಮನೆಯ ಯಜಮಾನ ತನ್ನ ಉಯಿಲಿನಲ್ಲಿ 'ಹಿಂದಿನ ಕೋಣೆಯವರು ಇರುವವರೆಗೆ ಇರಲಿ' ಅಂತ ಬರೆಸಿದ್ದ. ಜನ ಮಾತಾಡುವುದೇ ಹಾಗಲ್ಲವೇ? ಪಾಪ, ಇರೋವರೆಗೆ ಇರಲಿ ಬಿಡು ಅನ್ನುತ್ತೇವೆ. ಬದುಕಿರುವವರೆಗೆ ಅಂತ ಬಾಯಿಬಿಟ್ಟು ಹೇಳುವುದಿಲ್ಲ, ಹೇಳಿದರೆ ಸಾವಿನ ಮಾತು ಬಂದ ಹಾಗಾಗುತ್ತದೆ ಅಂತ ನಾಲಿಗೆ ತಡೆಯುತ್ತದೆ. ಯಜಮಾನ ತೀರಿಕೊಂಡಾಗ ದರ್ಜಿ ಮಗಳ ಬಾಣಂತನಕ್ಕೆ ಹೋಗಿ ನಾಲ್ಕು ತಿಂಗಳಾಗಿತ್ತು. ಆಸ್ಪತ್ರೆಗೆ ಅವಸರ, ಮನೆ ಕೊಳ್ಳುವವನಿಗೂ ಅವಸರ. ಇದರ ಅರ್ಥ ಏನು ಅಂತ ತಮ್ಮನನ್ನು ಕೇಳಿದರು. ಇವನು ಓದಿ, "ಇರುವವರೆಗೆ ಅಂದರೆ ವಾಸ ಇರುವವರೆಗೆ. ಈಗ ವಾಸ ಇಲ್ಲ" ಅಂತ ಬರೆದುಕೊಟ್ಟ.

ದರ್ಜಿ ತಿರುಗಿ ಬಂದಾಗ ಅವನ ಸಾಮಾನೆಲ್ಲ ಪೆಟ್ಟಿಗೆಗಳಲ್ಲಿ ಒಪ್ಪವಾಗಿ ಕೂತಿತ್ತಂತೆ. ಗುಂಡಿಯ ಗಾಜಿನ ಭರಣಿ ಕೂಡ ಹತ್ತಿಯಲ್ಲಿ ಸುತ್ತಿಟ್ಟಿತ್ತಂತೆ. "ಇರುವವರೆಗೆ ಅಂದ್ರೆ ಸಾಯೋವರೆಗೆ ಅಂತ ನಾನು ತಿಳ್ಕೊಂಡಿದ್ದೆ" ಅಂದನಂತೆ ದರ್ಜಿ. "ಹಾಗಂತ ಬರೆದಿಲ್ಲ" ಅಂದನಂತೆ ಇವನು. ಆ ಮನೆ ಮಾರಿ ಬಂದದ್ದರಲ್ಲೇ ಹೆಂಗಸರ ಮೂಳೆ ವಾರ್ಡು ಕಟ್ಟಿದ್ದು. ನಾನು ಮಲಗಿ ಎದ್ದು ಬಂದ ವಾರ್ಡು.

"ನಿಮ್ಮ ಆಸ್ಪತ್ರೆಯ ಹೊಸ ಕಾರ್ಯದರ್ಶಿ ಏನಂದ್ರು?" ಅಂತ ಕೇಳಿದೆ.

"ಗುರುವಾರ ಹನ್ನೊಂದು ಗಂಟೆಗೆ ಮನೆ ನೋಡೋಕೆ ಬರ್ತಾರೆ. ನಾವು ಖಾಲಿ ಮಾಡ್ತೀವಿ ಅಂತ ಬರೆದು ಕೈಗೆ ಕೊಡ್ತೀನಿ."

"ಅವರು ಮನೆ ಬಿಡಿ ಅಂದ್ರಾ?"

"ಇಲ್ಲ."

"ಮತ್ತೆ?"

"ದರ್ಜಿಗೆ ಒಂದು ಓದು, ನನಗೊಂದು ಓದು ಮಾಡೋಕೆ ನನ್ನ ಕೈಲಿ ಆಗಲ್ಲ ಅಕ್ಕ."

ನನಗೂ ಸಿಟ್ಟು ಬಂತು. ಮುರಿದು ಕೂಡಿದ ಸೊಂಟ ಇಟ್ಟುಕೊಂಡು ಇನ್ನೊಂದು ಮನೆ, ಇನ್ನೊಂದು ಬಚ್ಚಲು ಕಲಿಯುವ ವಯಸ್ಸೇ ನನ್ನದು? "ನೀನು ನ್ಯಾಯವಂತ ಆಗೋಕೆ ನನ್ನ ಸೊಂಟ ಯಾಕೋ ಬೇಕು? ನಿನ್ನ ಸ್ವಂತದ್ದು ಏನಾದ್ರೂ ಕೊಟ್ಟು ಆಗು!" ಅಂದೆ. ಅವನು ಎದ್ದು ಹೋಗಿ ಮೆಟ್ಟಿಲ ಮೇಲೆ ಕೂತ. ಬೆನ್ನು ನೋಡಿದೆ. ಅಂಗಿಯೊಳಗೆ ಹೆಗಲಿನ ಮೂಳೆ ಹ್ಯಾಂಗರಿನ ಹಾಗೆ ಎದ್ದಿತ್ತು.

ನಾಲ್ಕು ದಿನ ಆ ಪೆಟ್ಟಿಗೆಗಳ ಜೊತೆ ಕಳೆದೆ. ಕಸ ಗುಡಿಸುವಾಗ ಅವುಗಳ ಸುತ್ತ ಗುಡಿಸಿದೆ. ಸುಳ್ಳು ಯಾಕೆ ಹೇಳಲಿ, ಮೂರನೇ ದಿನ ಹಿಡಿ ಮುರಿದ ಬಾಣಲೆಯೊಂದು ನನ್ನ ಕೈಯಲ್ಲಿತ್ತು, ಕೈ ತಾನಾಗಿಯೇ ಪೆಟ್ಟಿಗೆಯ ಕಡೆ ಹೋಗಿತ್ತು. ಎಚ್ಚರ ಆದದ್ದು ರಟ್ಟಿಗೆ ತಾಗಿ ಟಪ್ ಅಂದಾಗ. ಬಾಣಲೆ ವಾಪಸು ತಂದು ಮೊಳೆಗೆ ನೇತುಹಾಕಿದೆ. ಇಪ್ಪತ್ತೆರಡು ವರ್ಷ ನನ್ನ ತಮ್ಮ ಜನಕ್ಕೆ ಏನು ಮಾಡಿದ ಅನ್ನುವುದು ಆಗ ನನ್ನ ಮೈಗೆ ತಿಳಿಯಿತು.

ಅವನ ಹಳೆಯ ಡೈರಿಯಲ್ಲಿ ದರ್ಜಿಯ ಮಗಳ ಫೋನ್ ನಂಬರು ಇತ್ತು. ಬುಧವಾರ ಮಾಡಿದೆ, ಅವಳು ಅಪ್ಪನ ಕೈಗೆ ಕೊಟ್ಟಳು. ಆಪರೇಷನ್ ಆದಮೇಲೆ ಮೈ ಇಳಿದು ನನ್ನ ಬಟ್ಟೆ ಎಲ್ಲ ಸಡಿಲ ಆಗಿದ್ದು ನಿಜವೇ. ಹೊಲಿಗೆ ಹಿಡಿಸಬೇಕಿತ್ತು. ಗುರುವಾರ ಹತ್ತೂವರೆಗೆ ಬಂದರೆ ಒಳ್ಳೆಯದು ಅಂದೆ. ಯಾರ ಅಕ್ಕ ಅಂತಲೂ ಹೇಳಿದೆ. ಆ ಕಡೆಯಿಂದ, "ಸೂಜಿ ದಾರ ತರ್ತೀನಿ ತಾಯಿ. ಮಿಷನ್ನು ತರೋಕಾಗಲ್ಲ. ಅದು ಪಕ್ಕದ ಮನೆಯವರ ಸೌದೆ ಕೊಟ್ಟಿಗೆಯಲ್ಲಿದೆ, ಮಗಳ ಮನೇಲಿ ಅದಕ್ಕೆ ಜಾಗ ಇಲ್ಲ" ಅಂದ.

ಬಂದ. ಸಣ್ಣಗಿನ ಮುದುಕ, ಕಿವಿಯ ಸಂದಿಯಲ್ಲಿ ಸೀಮೆಸುಣ್ಣದ ತುಂಡು. ಮೆಟ್ಟಿಲು ಹತ್ತಿದ್ದಕ್ಕೆ ಏದುಸಿರು. ಒಳಗೆ ಬಂದವನ ಕಣ್ಣು ಮೊದಲು ಹೋದದ್ದು ಮೂಲೆಗೆ.

"ಓಹೋ, ಇವು ನಂಗೆ ಗುರ್ತು! ಏನು ತಾಯಿ, ಖಾಲಿಯಪ್ಪನ ಮನೆಗೇ ಬಂದ್ವಾ?" ಅಂತ ಕೆಮ್ಮುವವರೆಗೂ ನಕ್ಕ. ಆಮೇಲೆ ಒಂದು ಪೆಟ್ಟಿಗೆಯನ್ನು ಬೋರಲು ಹಾಕಿ ಕಿಟಕಿಯ ಬೆಳಕಿಗೆ ಎಳೆದುಕೊಂಡು, ಅದರ ಮೇಲೆಯೇ ಕೂತು ಹೊಲಿಗೆ ಬಿಚ್ಚತೊಡಗಿದ. ನಾನು ಇದ್ದ ವಿಷಯ ಇದ್ದ ಹಾಗೆ ಹೇಳಿದೆ. ಅವನು ತಲೆ ಎತ್ತಲಿಲ್ಲ. ದಾರ ಎಳೆಯುತ್ತಾ ಎಲ್ಲ ಕೇಳಿಸಿಕೊಂಡ.

ಹನ್ನೊಂದಕ್ಕೆ ತಮ್ಮ ಕಾರ್ಯದರ್ಶಿ ಮೇಡಮ್ಮನ್ನು ಕರೆದುಕೊಂಡು ಬಂದ. ತಮ್ಮನಿಗಿಂತ ಹತ್ತು ಹನ್ನೆರಡು ವರ್ಷ ಚಿಕ್ಕವಳು, ಕಣ್ಣ ಕೆಳಗೆ ಕಪ್ಪು. ಕೂತ ತಕ್ಷಣ ಚಪ್ಪಲಿಯಿಂದ ಹಿಮ್ಮಡಿ ಬಿಡಿಸಿಕೊಂಡಳು, ಪಾಪ. ತಮ್ಮ ಮಾತ್ರ ಬಾಗಿಲಲ್ಲೇ ನಿಂತುಬಿಟ್ಟ. ಪೆಟ್ಟಿಗೆಯ ಮೇಲೆ ಕೂತವನನ್ನು ನೋಡಿ ಅವನ ಮುಖ ಸುಣ್ಣ ಬಳಿದ ಹಾಗಾಯಿತು.

"ಬನ್ನಿ ಸ್ವಾಮಿ, ನಿಮ್ಮದೇ ಮನೆ" ಅಂದ ದರ್ಜಿ.

ತಮ್ಮ ಒಳಗೆ ಬಂದು ಜೇಬಿನಿಂದ ಕಾಗದ ತೆಗೆದು ಮೇಡಮ್ಮಿಗೆ ಕೊಟ್ಟ. ಅವಳು ಓದಿ ಹಣೆ ತಿಕ್ಕಿಕೊಂಡಳು. "ಏನಣ್ಣ ಇದು? ಖಾಲಿ ಮಾಡಿ ಅಂತ ನಿಮಗೆ ಯಾರು ಹೇಳಿದ್ರು? ನೀವು ನಮ್ಮವರು. ಇರಿ. ಕೆಳಗಿನ ಮನೆ ಮಾತ್ರ ಬಾಡಿಗೆಗೆ ಕೊಡೋಣ."

"ಇವರು ನಮ್ಮವರಲ್ಲ ಅಂತ ಎಬ್ಬಿಸಿದ್ವಾ ಮೇಡಂ?" ಅಂತ ತಮ್ಮ ದರ್ಜಿಯ ಕಡೆ ಕೈ ತೋರಿಸಿದ. ಮೇಡಮ್ಮಿಗೆ ತಿಳಿಯಲಿಲ್ಲ. ಅವಳು ಬರುವುದಕ್ಕೆ ಮುಂಚಿನ ಕಥೆ. ತಮ್ಮ ನಿಂತುಕೊಂಡೇ ಎಲ್ಲ ಹೇಳಿದ. ತನ್ನನ್ನು ಒಂದು ಕಡೆಯೂ ಬಿಟ್ಟುಕೊಡದೆ ಹೇಳಬಹುದಿತ್ತು, ಹಾಗೆ ಮಾಡಲಿಲ್ಲ. "ಆವತ್ತು ಹಾಗೆ ಓದಿದೆ. ಈವತ್ತೂ ಹಾಗೇ ಓದಬೇಕು. ನಾವು ಹೋಗ್ತೀವಿ" ಅಂತ ಮುಗಿಸಿದ.

ದರ್ಜಿ ಹಲ್ಲಿನಲ್ಲಿ ದಾರ ಕಡಿದ.

"ಸ್ವಾಮಿ, ಒಂದು ಮಾತು. ನಾನು ಒಂದು ಸಲ ಅಂಗಿಯ ತೋಳು ಗಿಡ್ಡ ಕತ್ತರಿಸಿದೆ ಅನ್ನಿ. ಎರಡು ತೋಳೂ ಸಮ ಇರಲಿ ಅಂತ ಇನ್ನೊಂದನ್ನೂ ಗಿಡ್ಡ ಕತ್ತರಿಸಿದರೆ, ಗಿರಾಕಿ ನನ್ನನ್ನ ಹೊಗಳ್ತಾನಾ?"

ಸೂಜಿಗೆ ಮತ್ತೆ ದಾರ ಪೋಣಿಸಿದ.

"ನೀವು ಮನೆ ಬಿಟ್ಟರೆ ನಂಗೇನು ಬಂತು? ಈ ತಾಯಿ ಊರುಗೋಲು ಹಿಡಿದು ಮನೆ ಹುಡುಕೋದನ್ನ ನೋಡಿ ನಂಗೆ ನಿದ್ದೆ ಬರುತ್ತಾ? ಏಳು ವರ್ಷ ಆಯ್ತು. ನೀವು ಬರ್ತೀರ, ತಪ್ಪಾಗಿ ಓದಿದೆ ಅಂತ ಒಂದು ಮಾತು ಅಂತೀರ ಅಂತ ಕಾದೆ. ಈಗ ಬಂದು, ಇನ್ನೊಂದು ಸಲ ತಪ್ಪಾಗೇ ಓದ್ತೀನಿ ಅಂತೀರಲ್ಲ! ಒಂದು ಸಲ ಸರಿಯಾಗಿ ಓದಿ ಸ್ವಾಮಿ. ನಂಗೆ ಕೇಳೋ ಹಾಗೆ."

ಗಟ್ಟಿಯಾಗಿ ಹೇಳಲಿಲ್ಲ ಅವನು. ಬಟ್ಟೆಯ ಅಳತೆ ಕೇಳುವ ದನಿಯಲ್ಲೇ ಹೇಳಿದ. ತಮ್ಮ ಗೋಡೆ ಹಿಡಿದುಕೊಂಡು ಕೆಳಗೆ ಕೂತ. ಕೆಳಗೆ ಬೀದಿಯಲ್ಲಿ ಹಳೇ ಪೇಪರಿನವನು ಕೂಗಿಕೊಂಡು ಹೋದ, ಅವನ ಕೂಗು ತಿರುವಿನಾಚೆ ಅಡಗುವವರೆಗೂ ಕೂತ.

"ಇರುವವರೆಗೆ ಅಂದ್ರೆ ಬದುಕಿರುವವರೆಗೆ" ಅಂದ. "ಆವತ್ತೂ ಅದೇ ಅರ್ಥ. ನಂಗೆ ಆವತ್ತೂ ಗೊತ್ತಿತ್ತು. ಮೇಡಂ, ಇದನ್ನ ನಾನು ಬರೆದುಕೊಡ್ತೀನಿ, ಎರಡೂ ಮನೆ ಫೈಲಿಗೆ ಸೇರಿಸಿ."

ಮೇಡಮ್ಮು ಕೈಯಲ್ಲಿದ್ದ ಕಾಗದವನ್ನು ತಮ್ಮನಿಗೆ ವಾಪಸು ಕೊಟ್ಟಳು. "ಅಣ್ಣ, ಇದನ್ನ ಬರೆದರೆ ಹಳೇ ಫೈಲೆಲ್ಲಾ ಏಳ್ತವೆ. ಇಂಥ ಮಾತು ಇನ್ನೆಷ್ಟು ಕಾಗದದಲ್ಲಿ ಇದೆಯೋ. ಅಲ್ಲಿ ಮಕ್ಕಳ ವಾರ್ಡಲ್ಲಿ ಒಂದೊಂದು ಹಾಸಿಗೆಗೆ ಇಬ್ಬಿಬ್ಬರನ್ನ ಮಲಗಿಸಿದೀನಿ. ನಾನೇನು ಮಾಡ್ಲಿ ಹೇಳಿ."

"ಗೊತ್ತಮ್ಮ."

"ಬರೆದುಕೊಟ್ಟ ಮೇಲೆ ನಿಮ್ಮನ್ನ ಈ ಕೆಲಸದಲ್ಲಿ ಇಟ್ಟುಕೊಳ್ಳೋಕೆ ಕಮಿಟಿ ಒಪ್ಪಲ್ಲ."

"ಅದೂ ಗೊತ್ತು" ಅಂದ. ಆ ಮಾತು ಆಡುವಾಗ ಅವನ ಹೆಗಲು ಒಂದಿಷ್ಟು ಕೆಳಗಿಳಿದದ್ದನ್ನು ನಾನು ಕಂಡೆ. ಸಂತೋಷಕ್ಕಲ್ಲ. ಹೊರೆ ಇಳಿಸಿದವನಿಗೆ ಮೊದಲು ತಿಳಿಯುವುದು ಬೆನ್ನಿನ ನೋವೇ ತಾನೇ.

ಕಾಗದ ಬರೆದ. ಮೇಡಮ್ಮು ಮಡಿಸಿ ಚೀಲಕ್ಕೆ ಹಾಕಿಕೊಂಡಳು. ದರ್ಜಿಯ ಹಳೆಯ ಕೋಣೆ ಇದ್ದ ಜಾಗದಲ್ಲಿ ಈಗ ಚಪ್ಪಲಿ ಅಂಗಡಿ. ಅದನ್ನು ಯಾರೂ ತಿರುಗಿ ಕೊಡುವ ಹಾಗಿರಲಿಲ್ಲ. ಅವಳು ಏಳುವಾಗ ನಾನು ಕೇಳಿದೆ.

"ಉಯಿಲಲ್ಲಿ ಮೇಲಿನ ಮನೆಯವರು ಅಂತ ಬರೆದಿದೆಯಲ್ಲ ಮೇಡಂ, ಯಾರ್ಯಾರು ಅಂತ ಹೆಸರೇನಾದ್ರೂ ಇದೆಯಾ?"

"ಇಲ್ಲಮ್ಮ. ಯಾಕೆ?"

"ಈ ಕಿಟಕಿ ಹತ್ತಿರ ಒಂದು ಹೊಲಿಗೆ ಮಿಷನ್ನು ಹಿಡಿಯುತ್ತೆ."

ಅವಳು ನನ್ನನ್ನು ನೋಡಿದಳು, ದರ್ಜಿಯನ್ನು ನೋಡಿದಳು. ಬಂದಾಗಿನಿಂದ ಮೊದಲ ಸಲ ನಕ್ಕಳು. "ಖಾಲಿ ಮಾಡಿಸೋ ತಮ್ಮ, ತುಂಬಿಸೋ ಅಕ್ಕ! ನಾನು ಏನೂ ಕೇಳಿಸಿಕೊಂಡಿಲ್ಲ ಕಣಮ್ಮ" ಅಂತ ಹಿಮ್ಮಡಿಯನ್ನು ಮತ್ತೆ ಚಪ್ಪಲಿಗೆ ತುರುಕಿಕೊಂಡು ಮೆಟ್ಟಿಲಿಳಿದಳು.

ದರ್ಜಿ ಮಾತ್ರ ಬೇಗ ಒಪ್ಪಲಿಲ್ಲ. "ಬೇಡ ತಾಯಿ. ಇನ್ನೊಂದು ಸಲ ಏಳೋ ಶಕ್ತಿ ನಂಗಿಲ್ಲ" ಅಂದ. ಮೂರು ವಾರ ಫೋನ್ ಮಾಡಿದೆ. ಕೊನೆಗೆ, ಮಲಗುವುದು ಮಗಳ ಮನೆಯಲ್ಲೇ, ಹಗಲು ಮಾತ್ರ ಇಲ್ಲಿ ಅನ್ನುವ ಕರಾರಿನ ಮೇಲೆ ಬಂದ. ಮಿಷನ್ನಿಗೆ ತುಕ್ಕು ಹಿಡಿದಿತ್ತು. ತಮ್ಮನೇ ಎಣ್ಣೆ ಹಾಕಿ ಎರಡು ದಿನ ಉಜ್ಜಿದ. ಇಬ್ಬರೂ ಎದುರುಬದುರು ಕೂತರು. ಕ್ಷಮೆ ಗಿಮೆ ಅಂತ ಯಾರೂ ಎತ್ತಲಿಲ್ಲ. "ಆ ತಿರುಪು ಇನ್ನೊಂಚೂರು ಬಿಗಿ ಮಾಡಿ", "ಸಾಕಾ?", "ಸಾಕು." ಇಷ್ಟೇ.

ತಮ್ಮನನ್ನು ಈಗ ಹೊರರೋಗಿಗಳ ಕಿಟಕಿಯಲ್ಲಿ ಚೀಟಿ ಕೊಡುವುದಕ್ಕೆ ಹಾಕಿದ್ದಾರೆ. ಬೆಳಿಗ್ಗೆ ಏಳರಿಂದ ನಿಂತು ಕಾಲು ಊದುತ್ತವೆ. ಚೀಟಿಯಪ್ಪ ಅಂತ ಕರೆದು ನೋಡಿದರಂತೆ, ಅಂಟಲಿಲ್ಲವಂತೆ. ಮನೆ ಎಬ್ಬಿಸುವ ಕೆಲಸಕ್ಕೆ ಬೇರೊಬ್ಬ ಬಂದಿದ್ದಾನೆ. ಅವನು ಬೆಲ್ಲು ಒತ್ತುತ್ತಾನಂತೆ. ಫೈಲಿಗೆ ಸೇರಿಸಿದ ಕಾಗದದಿಂದ ಏನಾಯಿತೋ ನನಗೆ ಗೊತ್ತಿಲ್ಲ. ಒಂದು ಮಾತ್ರ ಕೇಳಿದ್ದೇನೆ: ಈಗ ಮನೆ ಕೊಡಲು ಬಂದವರ ಹತ್ತಿರ ಮೇಡಮ್ಮು, "ಇರುವವರೆಗೆ ಅಂತ ಬರೆಸಬೇಡಿ. ಯಾರು, ಎಲ್ಲಿಯವರೆಗೆ, ಬಾಯಿಬಿಟ್ಟು ಬರೆಸಿ" ಅನ್ನುತ್ತಾಳಂತೆ.

ಏಳು ಪೆಟ್ಟಿಗೆಗಳಲ್ಲಿ ಆರರೊಳಗೆ ದರ್ಜಿಯ ಚೂರುಬಟ್ಟೆ ತುಂಬಿದೆ. ಒಂದು ಬೋರಲಾಗಿಯೇ ಇದೆ, ತಮ್ಮ ಬಂದರೆ ಅದರ ಮೇಲೆ ಕೂರುತ್ತಾನೆ. ಮೆಟ್ಟಿಲ ಮೇಲೆ ಕೂರುವುದು ಕಡಿಮೆಯಾಗಿದೆ. ಸಂಜೆ ಇಪ್ಪತ್ತೆರಡು ಮೆಟ್ಟಿಲನ್ನೂ ನಿಂತು ನಿಂತು ಹತ್ತಿ ಬರುತ್ತಾನೆ. ಹಳೆಯ ಅಭ್ಯಾಸ ಹೋಗಿಲ್ಲ. ಸ್ವಂತ ಮನೆಯ ಹೊಸ್ತಿಲ ಆಚೆಯೇ ಚಪ್ಪಲಿ ಬಿಟ್ಟು ಕೂಗುತ್ತಾನೆ.

"ಇದ್ದೀರಾ?"

ದರ್ಜಿಯ ಬಾಯಲ್ಲಿ ಗುಂಡುಪಿನ್ನು ಇರುತ್ತವೆ, "ಹೂಂ" ಅನ್ನುತ್ತಾನೆ. ಮಿಷನ್ನಿನ ಸದ್ದಿನಲ್ಲಿ ಅದು ಹೊರಗೆ ಕೇಳುವುದಿಲ್ಲ. ಅದಕ್ಕೆ ನಾನೇ ಗಟ್ಟಿಯಾಗಿ ಹೇಳಬೇಕು.

"ಇದೀವಿ ಕಣೋ. ಬಾ."